ಜೋಳದ ರೊಟ್ಟಿಗೆ ಯಾವ ಬೆಂಕಿ: ಗೋಬರ್ ಗ್ಯಾಸೋ, ಸಿಲಿಂಡರೋ, ಇಂಡಕ್ಷನ್ನೋ

ಹಿತ್ತಲಲ್ಲಿ ನಾಲ್ಕು ದನ ಕಟ್ಟಿದ್ದರೆ ಗೋಬರ್ ಗ್ಯಾಸ್ ಹಾಕಿಸಿ. ಇಲ್ಲದಿದ್ದರೆ ಸಿಲಿಂಡರೇ ಇರಲಿ. ಇಂಡಕ್ಷನ್ ಚಹಾಕ್ಕೆ, ಅನ್ನಕ್ಕೆ, ಬ್ಯಾಳಿಗೆ ಸಾಕು. ರೊಟ್ಟಿ ಬಡಿಯುವ ಮನೆಯಲ್ಲಿ ಮೂರನ್ನೂ ಬಳಸಿದ ಮೇಲೆ ನನ್ನ ಓಟು ಹೀಗೆ ಬಿದ್ದಿದೆ.

"ಕರೆಂಟಿನ ಒಲಿ ಶುದ್ಧ, ಗ್ಯಾಸ್ ಹೊಲಸು" ಎನ್ನುವ ಮಾತನ್ನು ರಾಯಚೂರಿನಲ್ಲಿ ಕೂತು ಆಡುವುದು ಕಷ್ಟ. ಶಕ್ತಿನಗರದ ಕರೆಂಟು ಸ್ಥಾವರದ್ದು 1720 ಮೆಗಾವಾಟ್, ಯರಮರಸ್‌ದು 1600, ಬಳ್ಳಾರಿ ಹತ್ತಿರ ಕುಡಿತಿನಿಯದ್ದು 1700, ಮೂರೂ ಕಲ್ಲಿದ್ದಲಿನವು. ಲೆಕ್ಕ ಹಾಕಿ ನೋಡಿ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 3 ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಅಂದರೆ 14.2 ಕೆ.ಜಿ. ಸಿಲಿಂಡರಿಗೆ 42 ಕೆ.ಜಿ. ಚಿಲ್ಲರೆ. ಅದೇ ಅಡುಗೆಯನ್ನು ಇಂಡಕ್ಷನ್ ಮೇಲೆ ಮಾಡಿದರೆ 130 ಯೂನಿಟ್ ಆಸುಪಾಸು ಬೇಕು. ದೇಶದ ಗ್ರಿಡ್ಡಿನ ಸರಾಸರಿ ಯೂನಿಟ್ಟಿಗೆ 0.7 ಕೆ.ಜಿ. ಹಿಡಿದರೂ 90 ಕೆ.ಜಿ. ಆಯಿತು, ಸಿಲಿಂಡರಿನ ಎರಡರಷ್ಟು. ಮಾಳಿಗೆ ಮೇಲೆ ಸೋಲಾರ್ ಇದ್ದು ಮಧ್ಯಾಹ್ನ ಅಡುಗೆ ಮಾಡುವವರಿಗೆ ಈ ಲೆಕ್ಕ ತಿರುಗಿಬೀಳುತ್ತದೆ, ಒಪ್ಪುತ್ತೇನೆ. ಆದರೆ ರೊಟ್ಟಿ ಬಡಿಯುವುದು ನಸುಕಿನ ಐದೂವರೆಗೆ.

ಬಿಲ್ಲಿನ ಮಾತೂ ಇದೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂದುಕೊಂಡು ಇಂಡಕ್ಷನ್ ತಂದವರು ಬಹಳ. ನಿಮ್ಮ ಹಳೆಯ ಸರಾಸರಿ ಬಳಕೆ, ಅದರ ಮೇಲೆ ಶೇ. 10 (ಸರಾಸರಿ 48 ಯೂನಿಟ್ಟಿನೊಳಗಿದ್ದರೆ 10 ಯೂನಿಟ್), ಅಷ್ಟೇ ಪುಕ್ಕಟೆ. ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ ಸಿಗುವುದು 66. ತಿಂಗಳಿಗೊಂದು ಸಿಲಿಂಡರಿನಷ್ಟು ಅಡುಗೆ ಪೂರಾ ಇಂಡಕ್ಷನ್ನಿಗೆ ಹೋದರೆ ಮೇಲಿನ 120ಕ್ಕೂ ದುಡ್ಡು ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್ ಸೇರಿ 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ಲೇ ತಲೆ ಮೇಲೆ.

ಇನ್ನು ಹಂಚು. ಇಂಡಕ್ಷನ್ ಕಾಯಿಸುವುದು ಗಾಜಿನ ಕೆಳಗಿರುವ ತಾಮ್ರದ ಸುರುಳಿ ಎಷ್ಟು ಅಗಲವೋ ಅಷ್ಟನ್ನೇ. ಸಾಮಾನ್ಯ ಮನೆ ಮಾದರಿಯಲ್ಲಿ ಅದು ಆರೇಳು ಇಂಚು, ನಮ್ಮ ರೊಟ್ಟಿಯೋ ಒಂಬತ್ತು ಹತ್ತು ಇಂಚು. ನಡುವೆ ಬಳೆ ಆಕಾರದಲ್ಲಿ ಕರಿ ಕಲೆ, ಅಂಚು ಹಸಿ. ನಡುವೆ ತಗ್ಗಿರುವ ಹಳೆ ಕಬ್ಬಿಣದ ಹಂಚಿನ ಅಂಚು ಗಾಜಿಗೆ ತಾಗುವುದೇ ಇಲ್ಲ. ಮಣ್ಣಿನ ಹಂಚಂತೂ ಕಾಯುವುದೇ ಇಲ್ಲ. ಚಪ್ಪಟೆ ಕಬ್ಬಿಣದ ತವಾ ತಂದು ಒಮ್ಮೆಲೇ 2000 ವಾಟಿಗೆ ಇಟ್ಟರೆ ನಡುವೆ ಉಬ್ಬಿ ಡೊಂಕಾಗುತ್ತದೆ. 600ರಿಂದ ಶುರುಮಾಡಿ ನಾಲ್ಕೈದು ನಿಮಿಷ ಬಿಟ್ಟು ಏರಿಸಬೇಕು. ಅಷ್ಟು ನಾಜೂಕು ಮಾಡಿದರೂ ಐದಾರು ರೊಟ್ಟಿಯಾಗುವಷ್ಟರಲ್ಲಿ ಗಾಜಿನ ಕೆಳಗಿನ ಶಾಖದ ಸೆನ್ಸರ್ "ಬೀಪ್" ಎಂದು ಒಲೆಯನ್ನೇ ಆರಿಸುತ್ತದೆ. ನೀರಿಲ್ಲದ ಒಣ ಹಂಚನ್ನು ಅದು ಹೊತ್ತಿದ ಪಾತ್ರೆ ಎಂದೇ ತಿಳಿಯುತ್ತದೆ. ಖಡಕ್ ರೊಟ್ಟಿಗೆ ಉರಿಯೆದುರು ನಿಲ್ಲಿಸುವ ಕೆಲಸ ಇದರಲ್ಲಿ ಆಗದ ಮಾತು. ಇಂಡಕ್ಷನ್ನಿಗೆ 16 ಆಂಪಿಯರ್ ಪ್ಲಗ್ ಬೇಕು, 6 ಆಂಪಿಯರಿನದು ಕರಗುತ್ತದೆ.

ಗೋಬರ್ ಗ್ಯಾಸಿಗೆ ಬರೋಣ. ಐದಾರು ಜನರ ಮನೆಗೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವಂಥದ್ದು ಸರಿ. ದಿನಕ್ಕೆ 50 ಕೆ.ಜಿ. ಹೆಂಡಿ (ಸಗಣಿ), ಅಷ್ಟೇ ನೀರು. ಕೆ.ಜಿ. ಹೆಂಡಿಗೆ ಸುಮಾರು 40 ಲೀಟರ್ ಗ್ಯಾಸ್. ಒಂದು ಒಲೆ ತಾಸಿಗೆ 450 ಲೀಟರ್ ತಿನ್ನುತ್ತದೆ, ಹಾಗಾಗಿ ದಿನಕ್ಕೆ ನಾಲ್ಕು ತಾಸು ಉರಿ ಧಾರಾಳ. ಆಕಳಿಗೆ ದಿನಕ್ಕೆ 10 ಕೆ.ಜಿ., ಎಮ್ಮೆಗೆ 15 ಕೆ.ಜಿ. ಹಿಡಿಯಿರಿ. ಎತ್ತುಗಳನ್ನು ಲೆಕ್ಕಕ್ಕೆ ಪೂರ್ತಿ ಸೇರಿಸಬೇಡಿ, ಹಗಲಿನದು ಹೊಲದಲ್ಲೇ ಬೀಳುತ್ತದೆ. ಬೇಸಿಗೆಯಲ್ಲಿ ನೀರಿಗೆ ತತ್ವಾರ ಬಂದರೆ ಅರ್ಧ ನೀರು, ಅರ್ಧ ಗಂಜಲ ಕಲಸಿದರೆ ನಡೆಯುತ್ತದೆ. ಗುಂಡಿಯೊಳಗಿನ ಜೀವಾಣುಗಳಿಗೆ 35 ಡಿಗ್ರಿ ಹಿತ. ಮಲೆನಾಡಿನ ಚಳಿಯಲ್ಲಿ ಇಳಿಯುವಷ್ಟು ಗ್ಯಾಸ್ ನಮ್ಮಲ್ಲಿ ಡಿಸೆಂಬರಿನಲ್ಲೂ ಇಳಿಯುವುದಿಲ್ಲ. ನಮ್ಮ ಬಿಸಿಲಿಗೆ ಇದೊಂದು ಪುಣ್ಯ.

ಕಟ್ಟುವುದಾದರೆ ನೆಲದೊಳಗೆ ಇಟ್ಟಿಗೆಯ ಗುಮ್ಮಟ ಕಟ್ಟುವ ದೀನಬಂಧು ಮಾದರಿ. ತೇಲುವ ಕಬ್ಬಿಣದ ಡ್ರಮ್ಮಿಗೆ ತುಕ್ಕು, ಪ್ಲಾಸ್ಟಿಕ್ ಚೀಲದ್ದಕ್ಕೆ ಬಿಸಿಲೇ ಶತ್ರು. ಆದರೆ ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಎಚ್ಚರ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣದು. ತೆಗೆದ ಎರಿ ಮಣ್ಣನ್ನೇ ಗುಂಡಿಯ ಸುತ್ತ ವಾಪಸ್ ತುಂಬಿದರೆ ಎರಡು ಮಳೆಗಾಲಕ್ಕೆ ಗುಮ್ಮಟದಲ್ಲಿ ಕೂದಲೆಳೆ ಸೀಳು ಬರುತ್ತದೆ. ಸುತ್ತ ಒಂದಡಿ ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ ಹೊಡೆಸಿ. ಮಸಾರಿ ನೆಲದವರಿಗೆ ಈ ತಲೆನೋವಿಲ್ಲ. ಮೊದಲ ಸಲ ಗುಂಡಿ ತುಂಬಲು ಎರಡು ಟನ್ ಹೆಂಡಿ ಬೇಕು, ನಲವತ್ತು ದಿನ ಮುಂಚೆಯಿಂದಲೇ ಕೂಡಿಡಿ. ಜೋಳದ ಕಣಿಕೆ ಚೂರು, ಕಸ, ಹರಳು ಆರಿಸಿಯೇ ಕಲಸಿ. ಕಣಿಕೆ ಮೇಲೆ ತೇಲಿ ಚಾಪೆಯಂತೆ ಕಟ್ಟಿಕೊಂಡರೆ ಗ್ಯಾಸ್ ಮೇಲೇಳುವುದಿಲ್ಲ. ಕೊಟ್ಟಿಗೆ ತೊಳೆದ ಫಿನೈಲ್ ನೀರು ಒಳಗೆ ಹೋಗಲೇಬಾರದು. ಮೊದಲು ಬರುವ ಗ್ಯಾಸ್ ಹತ್ತುವುದಿಲ್ಲ, ಅದರಲ್ಲಿ ಗಾಳಿಯೂ ಬೆರೆತಿರುತ್ತದೆ. ಕಡ್ಡಿ ಗೀರದೆ ಎರಡು ಸಲ ಬಯಲಿಗೆ ಬಿಟ್ಟುಬಿಡಿ.

ಈಗ ನಿಜವಾದ ಕಿರಿಕಿರಿ. ಉರಿ ಕುಣಿಯುವುದು. ಹಂಚು ಕಾದು ಮೂರನೇ ರೊಟ್ಟಿ ಹಾಕಿರುತ್ತೀರಿ, ನೀಲಿ ಉರಿ "ಬುಕ್ ಬುಕ್" ಎಂದು ಏರಿಳಿದು ಆರಿಹೋಗುತ್ತದೆ. ಹಚ್ಚಿದರೆ ಮತ್ತೆ ಅದೇ. ಗ್ಯಾಸ್ ಮುಗಿಯಿತು ಎಂದು ಎಲ್ಲರೂ ಗುಂಡಿಯ ಕಡೆ ನೋಡುತ್ತಾರೆ. ದೋಷ ಇರುವುದು ಪೈಪಿನಲ್ಲಿ. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ಆವಿ ತುಂಬಿರುತ್ತದೆ, ರಾತ್ರಿ ತಂಪಿಗೆ ಅದು ಪೈಪಿನೊಳಗೆ ನೀರಾಗುತ್ತದೆ. ಪೈಪಿನಲ್ಲಿ ಎಲ್ಲಾದರೂ ಹೊಟ್ಟೆ ಬಿದ್ದಿದ್ದರೆ ನೀರು ಅಲ್ಲೇ ನಿಂತು, ಗ್ಯಾಸ್ ಗುಳ್ಳೆ ಗುಳ್ಳೆಯಾಗಿ ದಾಟಬೇಕಾಗುತ್ತದೆ. ಗ್ಯಾಸಿನ ಒತ್ತಡ ಕಡಿಮೆ ಇದ್ದಾಗ ನಾಲ್ಕು ಬೆರಳು ನೀರು ನಿಂತರೂ ದಾರಿ ಬಂದ್.

ಹೊಟ್ಟೆ ಬೀಳುವುದು ನಮ್ಮ ಬಿಸಿಲಿನಿಂದಲೇ. ಏಪ್ರಿಲಿನಲ್ಲಿ 42 ಡಿಗ್ರಿಗೆ ಗೋಡೆ ಮೇಲಿನ ಪಿವಿಸಿ ಪೈಪು ಮೆತ್ತಗಾಗಿ ಎರಡು ಕ್ಲಾಂಪಿನ ನಡುವೆ ಜೋತುಬೀಳುತ್ತದೆ. ಆಗ ಗೊತ್ತಾಗುವುದಿಲ್ಲ, ಚಳಿಗಾಲದಲ್ಲಿ ಕಾಡುತ್ತದೆ. ಎರಡೆರಡು ಅಡಿಗೆ ಕ್ಲಾಂಪ್ ಹೊಡೆಸಿ. ಅಡುಗೆಮನೆಯಿಂದ ಗುಂಡಿಯ ಕಡೆಗೆ ನೂರು ಅಡಿಗೆ ಒಂದು ಅಡಿ ಇಳಿಜಾರು ಬಿಡಿಸಿ, ನೀರು ತಾನೇ ವಾಪಸ್ ಗುಂಡಿಗೆ ಹೋಗುತ್ತದೆ. ಇಳಿಜಾರು ಸಿಗದಿದ್ದರೆ ಅತಿ ತಗ್ಗಿನ ಜಾಗದಲ್ಲಿ ಒಂದು ಟಿ, ಅದರ ಕೆಳಗೆ ಅರ್ಧ ಅಡಿ ತುಂಡು ಪೈಪು, ತುದಿಗೆ ನಲ್ಲಿ. ವಾರಕ್ಕೊಮ್ಮೆ ಒಲೆಯ ನಲ್ಲಿ ಬಂದ್ ಮಾಡಿ ಕೆಳಗಿನದನ್ನು ತಿರುಗಿಸಿದರೆ ಅರ್ಧ ಲೋಟ ನೀರು ಬೀಳುತ್ತದೆ. ನಾರುವ ನೀರು, ಕೈಗೆ ತಾಗಿಸಿಕೊಳ್ಳಬೇಡಿ. ನೂರಿನ್ನೂರು ರೂಪಾಯಿಯ ಈ ಸಾಮಾನನ್ನು ಗುತ್ತಿಗೆಯವರು ಹಾಕದೆ ಹೋಗುವುದೇ ಹೆಚ್ಚು.

ಸಿಲಿಂಡರಿನ ಒಲೆಯನ್ನೇ ಇದಕ್ಕೆ ಜೋಡಿಸಬೇಡಿ. ಅದರ ಜೆಟ್ಟಿನ ತೂತು ಸೂಜಿ ಮೊನೆಯಷ್ಟು, ಇದಕ್ಕೆ ಸುಮಾರು 2 ಮಿ.ಮೀ. ಬೇಕು.

ಸೋರಿಕೆಯನ್ನು ಮಾತ್ರ ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಈ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ದಿನದ 2 ಘನ ಮೀಟರಿನಲ್ಲಿ ಹತ್ತರಲ್ಲೊಂದು ಪಾಲು ಸೋರಿದರೂ ತಿಂಗಳಿಗೆ 60 ಕೆ.ಜಿ. ಕಾರ್ಬನ್ ಡೈಆಕ್ಸೈಡಿಗೆ ಸಮನಾದದ್ದನ್ನು ದಾಟುತ್ತದೆ, ಒಂದು ಸಿಲಿಂಡರ್ ಸುಟ್ಟದ್ದಕ್ಕಿಂತ ಹೆಚ್ಚು. ಅದಕ್ಕಿಂತ ಹೆಂಡಿಯನ್ನು ತಿಪ್ಪೆಗೆ ಹಾಕಿ ಕಟ್ಟಿಗೆ ಒಲೆ ಉರಿಸಿದ್ದೇ ವಾಸಿ ಎನ್ನುವವರಿಗೆ ಆಗ ಉತ್ತರ ಇರುವುದಿಲ್ಲ. ಪರೀಕ್ಷೆ ಸುಲಭ: ರಾತ್ರಿ ಗುಮ್ಮಟದ ಮೇಲಿನ ವಾಲ್ವ್ ಬಂದ್ ಮಾಡಿ, ಹೊರಬಾಯಿಯ ತೊಟ್ಟಿಯಲ್ಲಿ ರಾಡಿ ನಿಂತ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಒಳಗೆ ಕೂಡಿದ ಗ್ಯಾಸ್ ರಾಡಿಯನ್ನು ಹೊರಕ್ಕೆ ತಳ್ಳುವುದರಿಂದ ಬೆಳಿಗ್ಗೆ ಮಟ್ಟ ಗೆರೆಗಿಂತ ಮೇಲೇರಿರಬೇಕು. ದಿನಾ ಹೆಂಡಿ ಹಾಕುತ್ತಿದ್ದರೂ ಏರದಿದ್ದರೆ ಮೊದಲ ಅನುಮಾನ ಗುಮ್ಮಟದ ಮೇಲೆ. ಏರಿದ್ದರೂ ಅಡುಗೆಮನೆಗೆ ಗ್ಯಾಸ್ ಸಾಲದಿದ್ದರೆ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ.

ಸಿಲಿಂಡರ್ ಬಗ್ಗೆ ಹೇಳಲು ಹೆಚ್ಚಿಲ್ಲ. ಉರಿ ಚೂಪು, ರೊಟ್ಟಿ ಉಬ್ಬುತ್ತದೆ, ದುಡ್ಡು ಹೋಗುತ್ತದೆ.

ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿ ಪುಕ್ಕಟೆ ಸಿಗುವಾಗ ಇದೆಲ್ಲ ಯಾಕೆ ಎನ್ನುವವರು ರೊಟ್ಟಿ ಬಡಿಯುವವರ ಜಾಗದಲ್ಲಿ ಒಂದು ವಾರ ಕೂತು ನೋಡಲಿ. ಜಾಲಿಯ ಕೆಂಡಕ್ಕೆ ಸಮ ಇಲ್ಲ ನಿಜ, ಹೊಗೆಗೂ ಇಲ್ಲ. ಜಾತ್ರೆ, ಮದುವೆಯ ದೊಡ್ಡ ಅಡುಗೆಗೆ ಅದು ಇರಲಿ.

ಹಾಕಿಸುವುದಾದರೆ ಸುಗ್ಗಿ ಮುಗಿದ ಮೇಲೆ, ಮಳೆಗೆ ಮುಂಚೆ ಹಾಕಿಸಿ, ಗಾರೆಗೆ ಹದಿನಾಲ್ಕು ದಿನ ನೀರುಣಿಸಿ. ಕೇಂದ್ರದ ಸಹಾಯಧನ ಈಗ ಸಿಗುತ್ತದೆಯೇ ಎಂದು ಗುಂಡಿ ತೋಡುವ ಮುಂಚೆಯೇ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ. ಎರಡೇ ಎಮ್ಮೆ ಇದ್ದರೆ ನೆರೆಮನೆಯ ಹೆಂಡಿ ಸೇರಿಸಿಕೊಂಡೂ ನಡೆಸಬಹುದು. ಆದರೆ ದಿನಾ ಬರುವ ನೂರು ಲೀಟರಿನಷ್ಟು ರಾಡಿಯಲ್ಲಿ ಅವರಿಗೆಷ್ಟು ಪಾಲು ಎಂದು ಮೊದಲೇ ಮಾತಾಗಿರಲಿ. ಮೆಣಸಿನಕಾಯಿ ಹೊಲಕ್ಕೆ ಗೊಬ್ಬರ ಹೊಡೆಯುವ ಹೊತ್ತಿಗೆ ಕೇಳಿದರೆ ಜಗಳವಾಗುತ್ತದೆ.