ಎಲೆಕ್ಟ್ರಿಕ್ ಒಲೆಯ ಮೇಲೆ ಕಾರ್ಬನ್ ಸ್ಟೀಲ್ ವೋಕ್: ಎಂಟು ತಿಂಗಳು ಬಳಸಿ ನೋಡಿದ ಮೇಲೆ

ಮೂರು ವರ್ಷ ನಾನ್‌ಸ್ಟಿಕ್ ಬಾಣಲೆಯಲ್ಲಿ ಬೀಫ್ ಬ್ರೊಕೊಲಿ ಮಾಡಿದೆ. ಒಂದು ಸಲವೂ ಹದ ಬರಲಿಲ್ಲ. ಮಾಂಸ ನೀರು ಬಿಟ್ಟುಕೊಂಡು ಅದರಲ್ಲೇ ಕುದಿಯುತ್ತಿತ್ತು, ಬೂದು ಬಣ್ಣಕ್ಕೆ ತಿರುಗಿ ರಬ್ಬರಿನ ಹಾಗೆ ಆಗುತ್ತಿತ್ತು. ನಾವಿರುವುದು ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಲ್ಲಿ, ಒಲೆ ಹಳೇ ಕಾಲದ ಎಲೆಕ್ಟ್ರಿಕ್ ಕಾಯಿಲ್. ಇಲ್ಲಿನ ಚೈನೀಸ್ ಟೇಕ್‌ಔಟ್ ಅಂಗಡಿಯಲ್ಲಿ ಅನ್ನದ ಮೇಲೆ ಸುರಿದು ಕೊಡುವ ಆ ಮೆತ್ತಗಿನ, ಹೊಳೆಯುವ ಮಾಂಸ ಮನೆಯಲ್ಲಿ ಆಗುವುದೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಈ ವೋಕ್, ಅಂದರೆ ಚೀನಾದವರು ಬಳಸುವ ಆಳವಾದ ಬಾಣಲೆ, ತಂದೆ.

14 ಇಂಚು ಅಗಲ, ಚಪ್ಪಟೆ ತಳ, ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಕಾರ್ಬನ್ ಸ್ಟೀಲ್, ಮರದ ಹಿಡಿ. ನಾನು ಕೊಟ್ಟದ್ದು 45 ಡಾಲರ್. ದುಂಡು ತಳದ್ದು ನೋಡಲು ಚೆಂದ, ಆದರೆ ಅದು ಗ್ಯಾಸ್ ಉರಿಗೆ ಸರಿ. ಕಾಯಿಲ್, ಇಂಡಕ್ಷನ್, ಗಾಜಿನ ಒಲೆ ಇರುವವರು ಚಪ್ಪಟೆ ತಳದ್ದೇ ತೆಗೆದುಕೊಳ್ಳಿ, ಇಲ್ಲದಿದ್ದರೆ ತಳಕ್ಕೆ ಕಾವೇ ಸಿಗುವುದಿಲ್ಲ.

ತಂದ ದಿನವೇ ಅಡುಗೆ ಮಾಡುವ ಹಾಗಿಲ್ಲ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಒಂದು ಲೇಪ ಹಚ್ಚಿರುತ್ತಾರೆ. ಬಿಸಿನೀರು, ಸೋಪು, ಸ್ಟೀಲ್ ನಾರು ಹಿಡಿದು ಅರ್ಧ ಗಂಟೆ ತಿಕ್ಕಿದೆ. ನಂತರ ಒಲೆಯ ಮೇಲಿಟ್ಟು ಕಾಯಿಸಿದಾಗ ಬೂದು ಬಣ್ಣದ ಲೋಹ ಮೊದಲು ಹೊಂಬಣ್ಣಕ್ಕೆ, ಆಮೇಲೆ ನವಿಲುಗರಿಯ ನೀಲಿಗೆ ತಿರುಗಿತು, ತಳದಿಂದ ಅಂಚಿನ ಕಡೆಗೆ ನಿಧಾನಕ್ಕೆ ಹಬ್ಬುತ್ತಾ ಹೋಯಿತು. ಅದನ್ನು ನೋಡುತ್ತಾ ನಿಂತುಬಿಟ್ಟೆ. ಆಮೇಲೆ ಒಂದೇ ಚಮಚ ಎಣ್ಣೆ ಬಟ್ಟೆಯಲ್ಲಿ ಸವರಿ, ಹೊಗೆ ಬರುವವರೆಗೆ ಕಾಯಿಸಿ, ಒರೆಸಿ, ಮತ್ತೆ ಸವರಿ, ಹೀಗೆ ಮೂರು ಸುತ್ತು. ಊರಲ್ಲಿ ಹೊಸ ದೋಸೆ ಕಾವಲಿ ಪಳಗಿಸುತ್ತಾರಲ್ಲ, ಅದೇ ಕೆಲಸ. ಅರ್ಧ ಈರುಳ್ಳಿ ಚುಚ್ಚಿಕೊಂಡು ಕಾವಲಿಗೆ ಎಣ್ಣೆ ಉಜ್ಜುವ ಅಭ್ಯಾಸ ಇರುವವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಕಿಟಕಿ ಮಾತ್ರ ತೆರೆದಿಡಿ, ಹೊಗೆ ನಿಜವಾಗಿಯೂ ಜಾಸ್ತಿ.

ಇನ್ನು ಅಡುಗೆ. ನಾನು ಮಂಗಳೂರಿನವಳು. ಮನೆಯಲ್ಲಿ ಬೀಫ್ ಅಂದರೆ ಕುಕ್ಕರಿನಲ್ಲಿ ಬೇಯಿಸಿ, ಮಸಾಲೆ, ತೆಂಗಿನತುರಿ ಹಾಕಿ ನಿಧಾನಕ್ಕೆ ಒಣಗಿಸುವ ಸುಕ್ಕ. ಅವಸರ ಮಾಡಿದರೆ ಅಮ್ಮ ಬಯ್ಯುತ್ತಿದ್ದರು. ಇಲ್ಲಿ ಪೂರ್ತಿ ತದ್ವಿರುದ್ಧ, ಮಾಂಸ ಒಲೆಯ ಮೇಲಿರುವುದೇ ಎರಡು ನಿಮಿಷ. ಹಾಗಾಗಿ ಕೆಲಸವೆಲ್ಲ ಒಲೆ ಹಚ್ಚುವ ಮೊದಲೇ ಮುಗಿದಿರಬೇಕು.

ನಾನು ತರುವುದು ಫ್ಲ್ಯಾಂಕ್ ಸ್ಟೇಕ್, ಅಂದರೆ ದನದ ಹೊಟ್ಟೆಭಾಗದ ಮಾಂಸ, 450 ಗ್ರಾಂ. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಗಟ್ಟಿಯಾಗುತ್ತದೆ, ತೆಳ್ಳಗೆ ಹೆಚ್ಚಲು ಸುಲಭ. ಇದರಲ್ಲಿ ಎಳೆಗಳು ಉದ್ದುದ್ದಕ್ಕೆ ಕಣ್ಣಿಗೇ ಕಾಣುತ್ತವೆ. ಅವುಗಳಿಗೆ ಅಡ್ಡವಾಗಿ ಚಾಕು ಹಾಕಬೇಕು, ಎಳೆ ತುಂಡಾದಷ್ಟೂ ಹಲ್ಲಿಗೆ ಹಗುರ. ಎಳೆ ಹೋದ ದಿಕ್ಕಿಗೇ ಹೆಚ್ಚಿದರೆ ಯಾವ ವೋಕ್ ಬಂದರೂ ಉಪಯೋಗವಿಲ್ಲ. ಹೆಚ್ಚಿದ ತುಂಡಿಗೆ ಅರ್ಧ ಟೀ ಚಮಚಕ್ಕಿಂತ ಕಡಿಮೆ ಅಡುಗೆ ಸೋಡಾ, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಕಾರ್ನ್‌ಫ್ಲೋರ್, ಸ್ವಲ್ಪ ಎಣ್ಣೆ ಹಾಕಿ ಕಲಸಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಸೋಡಾ ಇದ್ದರೆ ಮಾಂಸ ಕಾವಿಗೆ ಬಿಗಿದುಕೊಳ್ಳುವುದಿಲ್ಲ. ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ಅಳತೆ ಮೀರಬೇಡಿ.

ಬಟ್ಟಲಲ್ಲಿ ಸಾಸ್ ಬೇರೆ ಕಲಸಿಡಿ: ಎರಡು ಚಮಚ ಸೋಯಾ, ಎರಡು ಚಮಚ ಆಯ್ಸ್ಟರ್ ಸಾಸ್, ಸ್ವಲ್ಪ ಸಕ್ಕರೆ, ಕಾಳುಮೆಣಸಿನ ಪುಡಿ, ಒಂದು ಟೀ ಚಮಚ ಕಾರ್ನ್‌ಫ್ಲೋರ್, ಕಾಲು ಕಪ್ ನೀರು. ಬ್ರೊಕೊಲಿಯನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಚೆನ್ನಾಗಿ ನೀರು ಬಸಿಯಬೇಕು. ಚೀನಾದ ಅಡುಗೆಯಲ್ಲಿ ಈ ಜಾಗದಲ್ಲಿ ಗಾಯ್ ಲಾನ್ ಅನ್ನುವ, ದಪ್ಪ ದಂಟಿನ ಸೊಪ್ಪು ಇರುತ್ತದೆ. ಅಮೆರಿಕದಲ್ಲಿ ಅದರ ಜಾಗಕ್ಕೆ ಬ್ರೊಕೊಲಿ ಬಂತು. ಏಷ್ಯನ್ ಅಂಗಡಿಯಲ್ಲಿ ಗಾಯ್ ಲಾನ್ ಸಿಕ್ಕಿದರೆ ಬಿಡಬೇಡಿ, ಅದರ ಸಣ್ಣ ಕಹಿ ಬೀಫಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಕ್ಯಾರೆಟ್, ಕ್ಯಾಪ್ಸಿಕಂ, ಶುಂಠಿ, ಬೆಳ್ಳುಳ್ಳಿ.

ಈ ವೋಕ್ ಬೆಲೆಗೆ ತಕ್ಕದ್ದು ಅಂತ ಗೊತ್ತಾಗುವುದು ಮುಂದಿನ ಹೆಜ್ಜೆಯಲ್ಲಿ. ಎಣ್ಣೆ ಹಾಕದೆ ನಾಲ್ಕೈದು ನಿಮಿಷ ದೊಡ್ಡ ಉರಿಯಲ್ಲಿ ಕಾಯಿಸುತ್ತೇನೆ. ನಾನ್‌ಸ್ಟಿಕ್‌ನಲ್ಲಿ ಹೀಗೆ ಮಾಡುವ ಹಾಗೇ ಇಲ್ಲ, 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಕೆಡುತ್ತದೆ. ಎಣ್ಣೆ ಸುರಿದು, ಅದು ಹೊಗೆಯಾಡತೊಡಗಿದಾಗ ಅರ್ಧ ಮಾಂಸ ಮಾತ್ರ ಹಾಕಿ. ಅರ್ಧವೇ! ಎಲ್ಲ ಒಟ್ಟಿಗೆ ಹಾಕಿದರೆ ನೀರು ಒಡೆಯುತ್ತದೆ, ಆ ನೀರು ಇಂಗುವವರೆಗೆ ಕಾವು 100 ಡಿಗ್ರಿಯಿಂದ ಮೇಲೆ ಏರುವುದೇ ಇಲ್ಲ, ಮಾಂಸ ಕೆಂಪಗೆ ಹುರಿಯಲು ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ನನ್ನ ಮೂರು ವರ್ಷದ ಕಷ್ಟಕ್ಕೆ ಕಾರಣ ಇದೇ. ಹರಡಿ ಹಾಕಿ, ಮುಕ್ಕಾಲು ನಿಮಿಷ ಮುಟ್ಟಬೇಡಿ. ಚರ್ ಅನ್ನುವ ಸದ್ದು ಸಣ್ಣದಾಗಬಾರದು. ಆಮೇಲೆ ಒಮ್ಮೆ ಮಗುಚಿ ತೆಗೆದಿಡಿ. ಉಳಿದರ್ಧ ಹಾಕುವ ಮೊದಲು ಮತ್ತೆ ಕಾಯಿಸಿ. ಕೊನೆಗೆ ಶುಂಠಿ ಬೆಳ್ಳುಳ್ಳಿ, ತರಕಾರಿ, ತೆಗೆದಿಟ್ಟ ಮಾಂಸ, ಸಾಸ್. ಸಾಸ್ ದಪ್ಪವಾಗಿ ಹೊಳಪು ಬಂದ ಕೂಡಲೇ ಇಳಿಸಿಬಿಡಿ.

ಅಂಗಡಿಯ ದೊಡ್ಡ ಉರಿಯಲ್ಲಿ ಬರುವ ಆ ಸುಟ್ಟ ಘಮ ನಮ್ಮ ಕಾಯಿಲ್‌ನಲ್ಲಿ ಪೂರ್ತಿ ಬರುವುದಿಲ್ಲ. ಆದರೆ ಮಾಂಸದ ಅಂಚು ಕಂದು, ಒಳಗೆ ಮೆತ್ತಗೆ, ಬ್ರೊಕೊಲಿ ಹಸಿರಾಗಿ ಕರುಂ ಅನ್ನುತ್ತದೆ. ನನಗೆ ಅಷ್ಟು ಸಾಕು.

ತೊಂದರೆಗಳೂ ಇವೆ. ಎರಡನೇ ತಿಂಗಳಿಗೇ ಹಿಡಿಯ ಸ್ಕ್ರೂ ಸಡಿಲವಾಯಿತು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಈಗ ನಾನೇ ಆಗಾಗ ಬಿಗಿ ಮಾಡುತ್ತೇನೆ, ಆದರೆ ಬಿಸಿ ಎಣ್ಣೆ ಇರುವ ಪಾತ್ರೆಯ ಹಿಡಿ ಅಲ್ಲಾಡುವುದು ಸಣ್ಣ ವಿಷಯವಲ್ಲ, ಕೊಳ್ಳುವಾಗ ಅದನ್ನೇ ಮೊದಲು ನೋಡಿ. ಒದ್ದೆ ಬಿಟ್ಟರೆ ಒಂದೇ ರಾತ್ರಿಗೆ ತುಕ್ಕು. ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ, ಎರಡು ಹನಿ ಎಣ್ಣೆ ಸವರಿಡಬೇಕು. ಟೊಮೆಟೊ, ಹುಣಸೆಹುಳಿ ಹಾಕಿ ಕುದಿಸಬೇಡಿ, ಪಳಗಿದ ಮೇಲ್ಮೈ ಎದ್ದುಬರುತ್ತದೆ. ಸಾರು, ಗೊಜ್ಜಿಗೆ ಬೇರೆ ಪಾತ್ರೆ ಇರಲಿ.

ಇದಕ್ಕೆ ಅನ್ನ ಜಾಸ್ಮಿನ್ ಅಕ್ಕಿಯದ್ದು ಅನ್ನುತ್ತಾರೆ, ನಮ್ಮಲ್ಲಿ ಸೋನಾ ಮಸೂರಿಯೇ, ಸ್ವಲ್ಪ ಮೆತ್ತಗೆ ಮಾಡಿದ್ದು. ಎಲ್ಲರಿಗೂ ಬಡಿಸಿ ಆದ ಮೇಲೆ ವೋಕಿನ ತಳದಲ್ಲಿ ಸಾಸ್ ಅಂಟಿಕೊಂಡಿರುತ್ತದೆ. ಅದಕ್ಕೆ ಎರಡು ಹಿಡಿ ಬಿಸಿ ಅನ್ನ ಹಾಕಿ, ಊರಲ್ಲಿ ಒಗ್ಗರಣೆ ಬಾಣಲೆ ಒರೆಸಿ ತಿನ್ನುವ ಹಾಗೆ, ಕಲಸಿ ತೆಗೆಯುತ್ತೇನೆ. ಆ ಎರಡು ತುತ್ತಿಗೆ ಮಗ ತಟ್ಟೆ ಹಿಡಿದು ಒಲೆಯ ಹತ್ತಿರವೇ ನಿಂತಿರುತ್ತಾನೆ.