ರಿಯಾಕ್ಟಾ, ಸರ್ವರ್‌ನಿಂದಲೇ ಎಚ್‌ಟಿಎಂಎಲ್ಲಾ?

ಹೊಸ ವೆಬ್‌ಸೈಟ್ ಅಂದ ತಕ್ಷಣ ಸುಮ್ನೆ ರಿಯಾಕ್ಟ್ (ಪುಟದ ಭಾಗಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಕಟ್ಟುವ ಲೈಬ್ರರಿ) ಹಿಡಿಯಬೇಡಿ. ಪುಟದಲ್ಲಿ ಏನಿರುತ್ತದೆ ಅಂತ ಮೊದಲು ನೋಡಿ.

ಸುದ್ದಿ, ಅಂಗಡಿಯ ಸಾಮಾನಿನ ಪಟ್ಟಿ, ಅರ್ಜಿ ಫಾರಂ ಇಷ್ಟೇ ಇದ್ದರೆ ಸರ್ವರ್‌ನಲ್ಲೇ ಪುಟ ಕಟ್ಟುವ ಜಾಂಗೋ ಅಥವಾ ರೈಲ್ಸ್‌ನಂಥ ಫ್ರೇಮ್‌ವರ್ಕ್ ಧಾರಾಳವಾಗಿ ಸಾಕು. ಸರ್ವರ್ ಸಿದ್ಧ ಎಚ್‌ಟಿಎಂಎಲ್ (ಪುಟವನ್ನು ಬರೆಯುವ ಕೋಡ್) ಕಳಿಸುತ್ತದೆ. ಬ್ರೌಸರ್ ಅದು ಬರುತ್ತಿರುವಾಗಲೇ ತೋರಿಸಲು ಶುರುಮಾಡುತ್ತದೆ. ಎಲ್ಲವನ್ನೂ ಬ್ರೌಸರ್‌ನಲ್ಲೇ ಕಟ್ಟುವ ರಿಯಾಕ್ಟ್ ಆ್ಯಪ್‌ನ ಸೋರ್ಸ್ ತೆಗೆದು ನೋಡಿ: ಒಂದು ಖಾಲಿ ಡಿವ್ (ಏನೂ ತುಂಬದ ಪೆಟ್ಟಿಗೆ), ಕೆಳಗೆ ಸ್ಕ್ರಿಪ್ಟ್ ಟ್ಯಾಗ್. ಆ ಜಾವಾಸ್ಕ್ರಿಪ್ಟ್ ಇಳಿಯಬೇಕು, ಓಡಬೇಕು, ಆಮೇಲೆ ಡೇಟಾ ತರಿಸಬೇಕು. ಅಲ್ಲಿಯವರೆಗೆ ಓದುಗರಿಗೆ ಬಿಳಿ ಪರದೆ ಅಥವಾ ತಿರುಗುವ ಚಕ್ರ. ಕಡಿಮೆ ಬೆಲೆಯ ಫೋನ್, ನಿಧಾನದ ನೆಟ್‌ವರ್ಕ್ ಇದ್ದವರನ್ನು ಹೀಗೆ ಕಾಯಿಸುವುದು ನನ್ನ ಪ್ರಕಾರ ಅನ್ಯಾಯ. ರಿಯಾಕ್ಟ್ ಮೇಲೆ ಕಟ್ಟಿದ ನೆಕ್ಸ್ಟ್ ಜೆಎಸ್ ಪುಟವನ್ನು ಸರ್ವರ್‌ನಲ್ಲೇ ಕಟ್ಟಿಕೊಡಬಲ್ಲದು, ನಿಜ. ಆದರೂ ರಿಯಾಕ್ಟ್‌ನ ಸ್ಕ್ರಿಪ್ಟ್ ಜೊತೆಗೆ ಬರುತ್ತದೆ, ಕಲಿಯುವುದೂ ಜಾಸ್ತಿ.

ಹಾಗಂತ ರಿಯಾಕ್ಟ್ ಕೆಟ್ಟದ್ದಲ್ಲ. 2013ರಲ್ಲಿ ಫೇಸ್‌ಬುಕ್ ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಚಿತ್ರ ತಿದ್ದುವ ಆ್ಯಪ್, ಹಲವರು ಒಟ್ಟಿಗೆ ಬರೆಯುವ ದಾಖಲೆ, ಇಂಥ ಕಡೆ ಒಂದು ಬದಲಾವಣೆ ಹತ್ತು ಜಾಗದಲ್ಲಿ ಕಾಣಬೇಕು. ಅಲ್ಲಿ ಅದನ್ನೇ ಆರಿಸಿ. ಕೆಲಸ ಹುಡುಕುವವರೂ ಕಲಿತಿರಲಿ, ಜಾಹೀರಾತುಗಳಲ್ಲಿ ಅದನ್ನು ಕೇಳುವವರು ಬಹಳ.

ಪುಟದಲ್ಲಿ ಒಂದೆರಡು ಭಾಗ ಮಾತ್ರ ಬದಲಾಗಬೇಕಾ? ಎಚ್‌ಟಿಎಂಎಕ್ಸ್ ಎಂಬ ಪುಟ್ಟ ಜಾವಾಸ್ಕ್ರಿಪ್ಟ್ ಲೈಬ್ರರಿ ಸೇರಿಸಿ. ಸರ್ವರ್ ಕಳಿಸಿದ ತುಣುಕನ್ನು ಅದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ.