ಭಾಷೆ ಬಾರದ ಮಗುವಿಗೆ ಚಿತ್ರಕಾರ್ಡುಗಳ ಗೊಂಚಲು: ಕೊಳ್ಳಬಹುದು, ಆದರೆ ಬಿಚ್ಚಿ ಜೋಡಿಸಿ

ಬೇರೆ ನಾಡಿನಿಂದ ಬಂದು ಪ್ರಾಥಮಿಕ ಶಾಲೆ ಸೇರುವ ಮಕ್ಕಳಿಗೆಂದು ಮಾರುವ ಚಿತ್ರಕಾರ್ಡುಗಳು ಹೆಚ್ಚುಕಡಿಮೆ ಒಂದೇ ಥರ: ಅಂಗೈಯಗಲದ ಲ್ಯಾಮಿನೇಟ್ ಕಾರ್ಡು, ಮೂಲೆಯಲ್ಲೊಂದು ತೂತು, ಎಲ್ಲವನ್ನೂ ಪೋಣಿಸಿದ ರಿಂಗು. ಉಪಯುಕ್ತ ವಸ್ತುವೇ. ಆದರೆ ಪೊಟ್ಟಣದಿಂದ ತೆಗೆದ ಹಾಗೇ ಮಗುವಿನ ಕೈಗೆ ಕೊಟ್ಟರೆ ಎರಡೇ ದಿನದಲ್ಲಿ ಮೂಲೆ ಸೇರುತ್ತದೆ.

ಕಾರಣ, ಹಣ್ಣು, ಪ್ರಾಣಿ, ಬಣ್ಣಗಳೇ ಅದರಲ್ಲಿ ತುಂಬಿರುತ್ತವೆ. ಮೊದಲ ವಾರ ಆನೆಯ ಚಿತ್ರ ಕಟ್ಟಿಕೊಂಡು ಮಗು ಏನು ಮಾಡೀತು? ರಿಂಗು ಬಿಚ್ಚಿ ಆರು ಕಾರ್ಡು ಉಳಿಸಿ: ಶೌಚಾಲಯ, ನೀರು, ನೋವು, ಸಹಾಯ ಬೇಕು, ಅರ್ಥವಾಗಲಿಲ್ಲ, ಬೇಡ. ಏಳನೆಯದನ್ನು ನೀವೇ ಮಾಡಿ: ಒಂದು ಬದಿಗೆ ಶಾಲೆ ಬಿಡುವ ಹೊತ್ತಿನ ಗಡಿಯಾರ, ಇನ್ನೊಂದು ಬದಿಗೆ ಕರೆದೊಯ್ಯಲು ಬರುವವರ ಫೋಟೊ. ಬೆಳಗಿನ ಅಳುವಿನ ಹಿಂದೆ ಎಷ್ಟೋ ಸಲ ಇರುವುದು 'ಅಮ್ಮ ವಾಪಸ್ ಬರ್ತಾಳಾ?' ಎಂಬ ಒಂದೇ ಪ್ರಶ್ನೆ. ಈ ಒಂದು ಕಾರ್ಡು ಉಳಿದೆಲ್ಲ ಕಾರ್ಡುಗಳಿಗಿಂತ ಮೇಲು.

ಚಿತ್ರ ಎಲ್ಲರಿಗೂ ತಿಳಿಯುತ್ತದೆ ಎಂಬ ನಂಬಿಕೆ ಬೇಡ. ಜಪಾನಿನಲ್ಲಿ ಸರಿ ಉತ್ತರಕ್ಕೆ ಸುತ್ತು ಹಾಕುತ್ತಾರೆ, ಫಿನ್‌ಲ್ಯಾಂಡಿನಲ್ಲಿ ರೈಟ್ ಮಾರ್ಕು ಎಂದರೆ ತಪ್ಪು ಉತ್ತರ. ಹೆಬ್ಬೆರಳೆತ್ತಿದ ಕೈ ಕೆಲವು ಸಮಾಜಗಳಲ್ಲಿ ಬೈಗುಳ. ಶೌಚಾಲಯದ ಕಾರ್ಡಿಗೆ ನಿಮ್ಮ ಶಾಲೆಯ ಅದೇ ಬಾಗಿಲಿನ ಫೋಟೊ ಅಂಟಿಸಿ. ನೋವಿಗೆ ಅಳುಮುಖ ಸಾಲದು, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಇಡೀ ಮೈಯ ರೇಖಾಚಿತ್ರ ಬೇಕು. ಹಿಂಬದಿಗೆ ಮನೆಮಾತಿನ ಪದ ಬರೆಸುವ ಮುಂಚೆ ಆ ಲಿಪಿ ಮನೆಯವರಿಗೆ ಓದಲು ಬರುತ್ತದೆಯೇ ಕೇಳಿ. ಅರಬ್ಬಿ, ಉರ್ದು ಅಕ್ಷರಗಳು ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಬಿಡಿಬಿಡಿಯಾಗಿ, ತಿರುವುಮುರುವಾಗಿ ಬೀಳುತ್ತವೆ. ಬಲ್ಲವರಿಗೆ ತೋರಿಸದೆ ಮುದ್ರಿಸಬೇಡಿ.

ಕೆಲವು ಸೆಟ್ಟುಗಳ ಜೊತೆ ಕತ್ತಿನ ದಾರ ಬರುತ್ತದೆ. ಎಳೆದರೆ ತಾನಾಗಿ ಕಳಚುವ ಕ್ಲಿಪ್ಪಿಲ್ಲದಿದ್ದರೆ ಅದು ಅಪಾಯ. ಕ್ಲಿಪ್ಪಿದ್ದರೂ ಬೇಡವೆಂದೇ ನಮ್ಮ ಅಭಿಪ್ರಾಯ: 'ಮಾತು ಬಾರದವನು' ಎಂಬ ಹಣೆಪಟ್ಟಿಯನ್ನು ಮಗು ಯಾಕೆ ಹೊರಬೇಕು? ಮೇಜಿನ ಪಕ್ಕ ಕೊಕ್ಕೆಗೆ ತೂಗುಹಾಕಿ, ಅಂಥದ್ದೇ ಇನ್ನೊಂದು ಗೊಂಚಲು ಶಿಕ್ಷಕರ ಬಳಿ ಇರಲಿ. ತೂತು ಕಾಗದದ ಮೇಲೇ ಬಿದ್ದಿದ್ದರೆ ಅಲ್ಲಿಂದ ನೀರಿಳಿದು ಪದರ ಬಿಡುತ್ತದೆ. ಸುತ್ತಲೂ ಪ್ಲಾಸ್ಟಿಕ್ ಅಂಚು ಬಿಟ್ಟು, ಆ ಅಂಚಿನಲ್ಲಿ ತೂತು ಹಾಕಿದ ಸೆಟ್ಟು ಬಾಳುತ್ತದೆ.

ಬಳಸುವಾಗ ಹೆಚ್ಚಾಗಿ ಆಗುವ ತಪ್ಪು, ಮಗು ಕಾರ್ಡು ತೋರಿಸಿದ ಕೂಡಲೇ 'ಹೇಳು, ನೀರು ಅನ್ನು' ಎಂದು ಒತ್ತಾಯಿಸುವುದು. ನೀವು 'ನೀರು ಬೇಕಾ? ತಗೋ ನೀರು' ಎನ್ನಿ, ನೀರು ಕೊಡಿ, ಅಷ್ಟೇ. ಕೆಲವು ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ, ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ಅದು ದಡ್ಡತನವಲ್ಲ. ದಿನಬಳಕೆಯ ಮಾತಿಗೆ ಸುಮಾರು 2 ವರ್ಷ, ಪಾಠದ ಭಾಷೆಗೆ 5ರಿಂದ 7 ವರ್ಷ ಹಿಡಿಯುತ್ತದೆ ಎಂದು ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟಿದ್ದಾರೆ.

ಮಗು ತಾನಾಗಿ ಹೇಳತೊಡಗಿದ ಪದದ ಕಾರ್ಡನ್ನು ತೆಗೆದು ಹೊಸದು ಪೋಣಿಸಿ. ನೋವಿನ ಕಾರ್ಡು ಮಾತ್ರ ವರ್ಷ ಮುಗಿಯುವವರೆಗೂ ಇರಲಿ. ಬಿದ್ದು ಅಳುವಾಗ ಹೊಸ ಭಾಷೆ ಬಾಯಿಗೆ ಬರುವುದಿಲ್ಲ.